ಗೋಡೆಯ ಮನೆ, ಕೊಡೆಯ ಮನೆ: ಅಹಮದಾಬಾದಿನ ಎರಡು ಆಧುನಿಕ ನಿವಾಸಗಳ ವಿನ್ಯಾಸ ವಿವೇಚನೆ

ಪ್ರಾಸ್ತಾವಿಕ

ಮನೆ ಎಂಬುದು ಗೋಡೆ, ಚಾವಣಿ, ಬಾಗಿಲು, ಕಿಟಕಿಗಳ ಮೊತ್ತ ಮಾತ್ರವಲ್ಲ. ಒಂದು ಸಮಾಜವು ಕುಟುಂಬವನ್ನು ಹೇಗೆ ಕಲ್ಪಿಸಿಕೊಂಡಿದೆ, ಹೆಣ್ಣು ಗಂಡುಗಳ, ಹಿರಿಯ ಕಿರಿಯರ, ಒಡೆಯ ಆಳುಗಳ ನಡುವಣ ಅಂತರವನ್ನು ಹೇಗೆ ಗೊತ್ತುಪಡಿಸಿದೆ, ಬಿಸಿಲು ಮಳೆಗಳೊಂದಿಗೆ ಯಾವ ಬಗೆಯ ಒಪ್ಪಂದ ಮಾಡಿಕೊಂಡಿದೆ ಎಂಬುದೆಲ್ಲವೂ ಮನೆಯ ನಕ್ಷೆಯಲ್ಲಿ ಅಡಕವಾಗಿರುತ್ತದೆ. ತೊಟ್ಟಿಮನೆಯ ಜಗಲಿ, ಪಡಸಾಲೆ, ತೊಟ್ಟಿ, ನಡುಮನೆ, ಹಿತ್ತಿಲುಗಳ ಕ್ರಮವನ್ನು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಜಗಲಿಯವರೆಗೆ ಬರಬಹುದಾದವರು ಯಾರು, ನಡುಮನೆಗೆ ಬರಬಹುದಾದವರು ಯಾರು ಎಂಬ ಪ್ರಶ್ನೆಗೆ ಅಲ್ಲಿ ಕಟ್ಟಡವೇ ಉತ್ತರ ಹೇಳುತ್ತದೆ. ಹೀಗಾಗಿ ಮನೆಯನ್ನು ಒಂದು ಸಾಂಸ್ಕೃತಿಕ ಪಠ್ಯವೆಂದು ಓದುವುದು ಸಾಧ್ಯ ಮತ್ತು ಅಗತ್ಯ.

ಆದರೆ ಈ ಬಗೆಯ ಓದು ಸಾಮಾನ್ಯವಾಗಿ ಸಾಂಪ್ರದಾಯಿಕ ಮನೆಗಳಿಗೆ ಸೀಮಿತವಾಗುತ್ತದೆ. ಕಾಂಕ್ರೀಟು, ಗಾಜುಗಳ ಆಧುನಿಕ ಮನೆಯನ್ನು ಸಂಸ್ಕೃತಿಯ ಹೊರಗಿನದು, ಕೇವಲ ತಾಂತ್ರಿಕವಾದುದು ಎಂದು ಭಾವಿಸುವ ರೂಢಿಯಿದೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸಲು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಹಮದಾಬಾದಿನಲ್ಲಿ ನಿರ್ಮಾಣಗೊಂಡ ಎರಡು ನಿವಾಸಗಳು ಸೂಕ್ತ ನಿದರ್ಶನಗಳಾಗಿವೆ. ಮೊದಲನೆಯದು ಮನೋರಮಾ ಸಾರಾಭಾಯಿ ಅವರಿಗಾಗಿ ಕಟ್ಟಿದ, 1955ರಲ್ಲಿ ಪೂರ್ಣಗೊಂಡ ಮನೆ. ಎರಡನೆಯದು 1956ರಲ್ಲಿ ಪೂರ್ಣಗೊಂಡ, ಶೋಧನ್ ನಿವಾಸವೆಂದು ಹೆಸರಾದ ಮನೆ. ಎರಡರ ವಿನ್ಯಾಸಕಾರನೂ ಒಬ್ಬನೇ: ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಲ ಕಾರ್ಬೂಸಿಯೆ (1887-1965). ಊರು ಒಂದೇ, ಕಾಲ ಒಂದೇ, ಶಿಲ್ಪಿ ಒಬ್ಬನೇ ಆಗಿದ್ದರೂ ಈ ಮನೆಗಳು ಒಂದನ್ನೊಂದು ಹೋಲುವುದಿಲ್ಲ. ಈ ವ್ಯತ್ಯಾಸದ ಸ್ವರೂಪವನ್ನೂ ಕಾರಣಗಳನ್ನೂ ಗುರುತಿಸಿ, ಅದರಿಂದ ಇಂದಿನ ವಸತಿಯ ಪ್ರಶ್ನೆಗಳಿಗೆ ದೊರೆಯಬಹುದಾದ ತಿಳಿವಳಿಕೆಯನ್ನು ಚರ್ಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಗರ, ಗಿರಣಿ ಮತ್ತು ಪೋಷಕ ವರ್ಗ

ಅಹಮದಾಬಾದ್ 1411ರಲ್ಲಿ ಸುಲ್ತಾನ್ ಅಹಮದ್ ಶಹನಿಂದ ಸ್ಥಾಪಿತವಾದ ನಗರ. ಕೋಟೆಯೊಳಗಣ ಹಳೆಯ ಊರಿನಲ್ಲಿ ಜನರು ಶತಮಾನಗಳ ಕಾಲ 'ಪೋಳ್' ಎಂದು ಕರೆಯಲಾಗುವ ಕೇರಿಗಳಲ್ಲಿ ವಾಸಿಸುತ್ತ ಬಂದರು. ಇಕ್ಕಟ್ಟಾದ ಬೀದಿ, ಒಂದಕ್ಕೊಂದು ಅಂಟಿಕೊಂಡ ಮನೆಗಳು, ಕೆತ್ತನೆಯ ಮರದ ಕಂಬ ತೊಲೆಗಳು, ಮನೆಯ ನಡುವೆ ಆಕಾಶಕ್ಕೆ ತೆರೆದ ಚೌಕ, ಚೌಕದ ಅಡಿಯಲ್ಲಿ ಮಳೆನೀರನ್ನು ಕೂಡಿಡುವ ಟಾಂಕಾ ಇವು ಪೋಳಿನ ಮನೆಗಳ ಲಕ್ಷಣಗಳು. ಈ ಚೌಕಕ್ಕೂ ನಮ್ಮ ತೊಟ್ಟಿಗೂ ಇರುವ ಹೋಲಿಕೆ ಮೇಲ್ನೋಟಕ್ಕೇ ಗೋಚರಿಸುತ್ತದೆ. ಬೆಳಕನ್ನು ಮೇಲಿನಿಂದ ಪಡೆಯುವುದು, ಬಿಸಿಗಾಳಿಯನ್ನು ಮೇಲಕ್ಕೆ ಬಿಡುವುದು, ಬೀದಿಯ ಕಣ್ಣಿನಿಂದ ಮನೆಯ ಒಳಬಾಳನ್ನು ಮರೆಮಾಡುವುದು ಎರಡಕ್ಕೂ ಸಮಾನವಾದ ಗುಣಗಳು.

1861ರಲ್ಲಿ ರಣಛೋಡ್‌ಲಾಲ್ ಛೋಟಾಲಾಲ್ ಅವರು ಮೊದಲ ಹತ್ತಿ ಗಿರಣಿಯನ್ನು ಆರಂಭಿಸಿದ ಮೇಲೆ ನಗರದ ಸ್ವರೂಪ ಬದಲಾಯಿತು. ಗಿರಣಿಗಳ ಒಡೆತನ ಹೊಂದಿದ ಜೈನ ಹಾಗೂ ವೈಷ್ಣವ ವಣಿಕ ಕುಟುಂಬಗಳು ಕ್ರಮೇಣ ಪೋಳುಗಳನ್ನು ಬಿಟ್ಟು ಶಾಹೀಬಾಗ್ ಕಡೆಗೂ, ಸಾಬರಮತಿಯ ಪಶ್ಚಿಮ ದಡಕ್ಕೂ ಸರಿದು ತೋಟದ ನಡುವಣ ಬಂಗಲೆಗಳನ್ನು ಕಟ್ಟಿಕೊಂಡವು. ಈ ಸ್ಥಳಾಂತರ ಕೇವಲ ವಿಳಾಸದ ಬದಲಾವಣೆಯಾಗಿರಲಿಲ್ಲ. ನೆರೆಹೊರೆಗೆ ಅಂಟಿಕೊಂಡಿದ್ದ ಮನೆ ಈಗ ನಾಲ್ಕು ಕಡೆಯೂ ಖಾಲಿ ನೆಲವನ್ನು ಹೊಂದಿದ ಒಂಟಿ ಕಟ್ಟಡವಾಯಿತು. ಪಕ್ಕದ ಮನೆಗಳ ನೆರಳಿನಲ್ಲಿ ತಂಪಾಗಿರುತ್ತಿದ್ದ ಗೋಡೆಗಳು ಬಿಸಿಲಿಗೆ ಒಡ್ಡಿಕೊಂಡವು. ಹೊಸ ಬಂಗಲೆಗೆ ಬಿಸಿಲಿನ ಸಮಸ್ಯೆ ಹೊಸದಾಗಿಯೇ ಎದುರಾಯಿತು ಎಂಬುದನ್ನು ಗಮನಿಸಬೇಕು.

ಈ ಗಿರಣಿ ಒಡೆಯರಲ್ಲಿ ಸಾರಾಭಾಯಿ ಕುಟುಂಬದ ಸ್ಥಾನ ವಿಶಿಷ್ಟವಾದುದು. 1918ರ ಗಿರಣಿ ಮುಷ್ಕರದಲ್ಲಿ ಒಡೆಯರ ಪಕ್ಷದಲ್ಲಿ ಅಂಬಾಲಾಲ್ ಸಾರಾಭಾಯಿ, ಕಾರ್ಮಿಕರ ಪಕ್ಷದಲ್ಲಿ ಗಾಂಧೀಜಿಯವರೊಂದಿಗೆ ಅಂಬಾಲಾಲರ ಸೋದರಿ ಅನಸೂಯಾ ಸಾರಾಭಾಯಿ ಇದ್ದುದು ಇತಿಹಾಸಪ್ರಸಿದ್ಧ ಸಂಗತಿ. ಭಿನ್ನಾಭಿಪ್ರಾಯಗಳನ್ನು ಒಂದೇ ಸೂರಿನಡಿ ಸಹಿಸಬಲ್ಲ ಕುಟುಂಬ ಅದು. ಅಂಬಾಲಾಲರ ಮಕ್ಕಳಲ್ಲಿ ವಿಕ್ರಮ್ ಸಾರಾಭಾಯಿ ಬಾಹ್ಯಾಕಾಶ ವಿಜ್ಞಾನಕ್ಕೂ, ಗೌತಮ್ ಹಾಗೂ ಗೀರಾ ಅವರು 1961ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ದುಡಿದರು. ಮನೋರಮಾ ಅವರು ಈ ಕುಟುಂಬದ ಸೊಸೆ. ಪತಿ ಸುಹೃದ್ ಅವರನ್ನು ಕಳೆದುಕೊಂಡ ಮೇಲೆ ತಮಗೂ ತಮ್ಮ ಇಬ್ಬರು ಗಂಡುಮಕ್ಕಳಿಗೂ ಒಂದು ಮನೆ ಕಟ್ಟಿಸಲು ಅವರು ಬಯಸಿದರು.

ಚಂಡೀಗಢದ ನಿರ್ಮಾಣಕ್ಕೆಂದು 1951ರಲ್ಲಿ ಭಾರತಕ್ಕೆ ಬಂದ ಲ ಕಾರ್ಬೂಸಿಯೆ ಅದೇ ವರ್ಷ ಅಹಮದಾಬಾದಿಗೂ ಭೇಟಿ ನೀಡಿದ. ಒಂದು ವಸ್ತುಸಂಗ್ರಹಾಲಯ, ಗಿರಣಿ ಮಾಲೀಕರ ಸಂಘದ ಕಟ್ಟಡ ಮತ್ತು ಖಾಸಗಿ ನಿವಾಸಗಳ ಕೆಲಸ ಅವನಿಗೆ ದೊರೆಯಿತು. ಚಂಡೀಗಢದಲ್ಲಿ ಅವನ ಪೋಷಕ ಪ್ರಭುತ್ವವಾಗಿತ್ತು, ಅಹಮದಾಬಾದಿನಲ್ಲಿ ಕುಟುಂಬಗಳು. ಈ ಅಂತರವೇ ಮುಂದಿನ ಚರ್ಚೆಗೆ ತಳಹದಿ.

2. ಸಾರಾಭಾಯಿ ನಿವಾಸ: ಗೋಡೆಯ ತರ್ಕ

ಶಾಹೀಬಾಗಿನಲ್ಲಿ ಸಾರಾಭಾಯಿ ಕುಟುಂಬಕ್ಕೆ ಸೇರಿದ ವಿಶಾಲವಾದ, ಮರಗಳು ದಟ್ಟವಾಗಿ ಬೆಳೆದ ತೋಟದೊಳಗೆ ಈ ಮನೆಯಿದೆ. ದೂರದಿಂದ ನೋಡುವವರಿಗೆ ಇದು ಎದ್ದು ಕಾಣುವುದಿಲ್ಲ. ಮುಖ್ಯ ದ್ವಾರ, ಗೋಪುರ, ಕಂಬಸಾಲು ಮುಂತಾದ ಪ್ರದರ್ಶನದ ಅಂಗಗಳು ಇದಕ್ಕಿಲ್ಲ. ತಗ್ಗಾದ, ಉದ್ದನೆಯ, ಗಿಡಮರಗಳ ಮರೆಯಲ್ಲಿ ಹುದುಗಿದ ಕಟ್ಟಡ ಇದಾಗಿದೆ.

ಇದರ ರಚನಾಸೂತ್ರ ಸರಳ. ಒಂದರ ಪಕ್ಕದಲ್ಲಿ ಒಂದರಂತೆ ಸಮಾನಾಂತರವಾಗಿ ಇಟ್ಟಿಗೆ ಗೋಡೆಗಳು ನಿಂತಿವೆ. ಗೋಡೆಗಳ ನೆತ್ತಿಯಲ್ಲಿ ಕಾಂಕ್ರೀಟಿನ ತೊಲೆಗಳು ಹಾಯ್ದಿವೆ. ಒಂದು ತೊಲೆಯಿಂದ ಇನ್ನೊಂದಕ್ಕೆ ಅರ್ಧ ಕೊಳವೆಯಾಕಾರದ ತಗ್ಗು ಕಮಾನು ಚಾವಣಿಯನ್ನು ಹೊದಿಸಲಾಗಿದೆ. ಭಾರವನ್ನು ತೊಲೆ ಹೊರುವುದರಿಂದ ಅದರ ಕೆಳಗಿನ ಗೋಡೆಯನ್ನು ಬೇಕಾದಲ್ಲಿ ತೆಗೆದುಬಿಡಲು ಸಾಧ್ಯವಾಗಿದೆ. ಹೀಗಾಗಿ ಅಂಕಣಗಳು ಉದ್ದಕ್ಕೆ ಸುರಂಗದಂತೆ ಕಂಡರೂ ಅಡ್ಡಲಾಗಿ ಒಂದರೊಳಗೊಂದು ತೆರೆದುಕೊಳ್ಳುತ್ತವೆ. ಒಂದು ಕೋಣೆ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ತೊಡಗುತ್ತದೆ ಎಂಬುದನ್ನು ಗೋಡೆಗಿಂತ ಹೆಚ್ಚಾಗಿ ತಲೆಯ ಮೇಲಿನ ಕಮಾನಿನ ಲಯ ಸೂಚಿಸುತ್ತದೆ.

ಈ ಕಮಾನುಗಳ ನಿರ್ಮಾಣವಿಧಾನ ಸ್ಪೇನಿನ ಕ್ಯಾಟಲೋನಿಯಾ ಪ್ರದೇಶದ್ದು. ತೆಳುವಾದ ಬಿಲ್ಲೆಗಳನ್ನು ಬೇಗ ಗಟ್ಟಿಯಾಗುವ ಗಾರೆಯಿಂದ ಒಂದಕ್ಕೊಂದು ಅಂಟಿಸುತ್ತ ಹೋಗಿ, ಅದರ ಮೇಲೆ ಮತ್ತೊಂದು ವರಸೆಯನ್ನು ಹಾಕುವುದು ಇದರ ಕ್ರಮ. ಕೆಳಗಿನಿಂದ ಪೂರ್ಣ ಪ್ರಮಾಣದ ಸೆಂಟ್ರಿಂಗ್ ಬೇಕಾಗುವುದಿಲ್ಲ ಎಂಬುದು ಇದರ ವಿಶೇಷ. ಬೆಂಗಳೂರು, ಮೈಸೂರುಗಳ ಹಳೆಯ ಮನೆಗಳಲ್ಲಿ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಸುಣ್ಣದ ಗಾರೆಯಿಂದ ಕಟ್ಟುತ್ತಿದ್ದ ಮದ್ರಾಸ್ ತಾರಸಿಯನ್ನು ಇಲ್ಲಿ ನೆನೆಯಬಹುದು. ವಿಧಾನ ಬೇರೆಯಾದರೂ ಚಿಕ್ಕ ಇಟ್ಟಿಗೆ, ಅಂಟುವ ಗಾರೆ, ಮೇಸ್ತ್ರಿಯ ಕೈಚಳಕ ಈ ಮೂರನ್ನೇ ನಂಬಿದ ಚಾವಣಿಗಳು ಅವೆರಡೂ. ಲ ಕಾರ್ಬೂಸಿಯೆ ಪ್ಯಾರಿಸ್ ಬಳಿ 1935ರಲ್ಲಿ ಕಟ್ಟಿದ ಒಂದು ಚಿಕ್ಕ ವಾರಾಂತ್ಯದ ಮನೆಯಲ್ಲಿ ತಗ್ಗು ಕಮಾನುಗಳನ್ನೂ ಹುಲ್ಲು ಹೊದಿಸಿದ ಚಾವಣಿಯನ್ನೂ ಬಳಸಿದ್ದ. ಸಾರಾಭಾಯಿ ಮನೆಯ ಸುಮಾರಿಗೇ ಪ್ಯಾರಿಸಿನ ಹೊರವಲಯದ ನೂಯಿಯಲ್ಲಿ ಕಟ್ಟಿದ ಜೌಲ್ ಮನೆಗಳಲ್ಲಿಯೂ ಇದೇ ಕ್ರಮವಿದೆ. ಆದ್ದರಿಂದ ಈ ಕಮಾನುಗಳನ್ನು ಭಾರತೀಯ ಪರಂಪರೆಯ ಅನುಕರಣೆ ಎನ್ನಲಾಗದು. ಬೇರೊಂದು ನಾಡಿನ ಹಳ್ಳಿಯ ಜಾಣ್ಮೆಯೊಂದು ಇಲ್ಲಿನ ಇಟ್ಟಿಗೆಯನ್ನೂ ಇಲ್ಲಿನ ಕೈಗಳನ್ನೂ ಕಂಡುಕೊಂಡಿತು ಎನ್ನುವುದು ಹೆಚ್ಚು ಸರಿ.

ಕಮಾನುಗಳ ಮೇಲೆ ಮಣ್ಣು ತುಂಬಿ ಹುಲ್ಲು, ಗಿಡಗಳನ್ನು ಬೆಳೆಸಲಾಗಿದೆ. ಹೀಗೆ ಚಾವಣಿಯೇ ಒಂದು ತೋಟವಾಗಿದೆ. ಮಳೆಗಾಲದ ನೀರನ್ನು ಹೊರಚೆಲ್ಲಲು ಕಾಂಕ್ರೀಟಿನ ದೋಣಿಗಳಿವೆ. ಅಂಕಣಗಳು ಬೀಸುಗಾಳಿಯ ದಿಕ್ಕನ್ನು ಅನುಸರಿಸಿ ನಿಂತಿರುವುದರಿಂದ ಗಾಳಿ ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಡುತ್ತದೆ. ತುದಿಗಳಲ್ಲಿರುವ ಆಳವಾದ ವರಾಂಡಗಳು ಬಿಸಿಲು ಒಳಗೆ ಬೀಳದಂತೆ ತಡೆಯುತ್ತವೆ. ನೆಲಕ್ಕೆ ಮದ್ರಾಸ್ ಕಲ್ಲೆಂದು ಹೆಸರಾದ ಕಪ್ಪು ಕಲ್ಲು ಹಾಸಲಾಗಿದೆ. ಚಾವಣಿಯ ಮೇಲಿನಿಂದ ಕೆಳಗಿನ ಈಜುಕೊಳಕ್ಕೆ ಇಳಿಯುವ ಕಾಂಕ್ರೀಟಿನ ಜಾರುಬಂಡಿಯೊಂದಿದೆ. ಈ ಮನೆಯ ಚಿತ್ರಗಳನ್ನು ನೋಡಿದವರ ನೆನಪಿನಲ್ಲಿ ಮೊದಲು ಉಳಿಯುವುದು ಈ ಜಾರುಬಂಡಿಯೇ. ಇಡೀ ಕಟ್ಟಡದಲ್ಲಿ ಶಿಲ್ಪದಂತೆ ಎದ್ದು ನಿಲ್ಲುವ ಏಕೈಕ ಅಂಗ ಮಕ್ಕಳ ಆಟಕ್ಕೆ ಮೀಸಲಾಗಿದೆ ಎಂಬುದು ಈ ಮನೆಯ ಕುಟುಂಬಕಲ್ಪನೆಯನ್ನು ಅರಿಯಲು ಮುಖ್ಯವಾದ ಸೂಚನೆ.

3. ಶೋಧನ್ ನಿವಾಸ: ಕೊಡೆಯ ತರ್ಕ

ಎರಡನೆಯ ಮನೆಯ ಹುಟ್ಟು ಬೇರೆ ರೀತಿಯದು. ಇದನ್ನು ಮೊದಲು ಗಿರಣಿ ಮಾಲೀಕರ ಸಂಘದ ಕಾರ್ಯದರ್ಶಿಯಾಗಿದ್ದ ಸುರೋತ್ತಮ್ ಹಠೀಸಿಂಗ್ ಅವರಿಗಾಗಿ ವಿನ್ಯಾಸಗೊಳಿಸಲಾಗಿತ್ತು. ಅವರು ಕಟ್ಟಿಸುವ ಆಲೋಚನೆಯನ್ನು ಕೈಬಿಟ್ಟಾಗ ಶ್ಯಾಮುಭಾಯಿ ಶೋಧನ್ ಅವರು ನಕ್ಷೆಗಳನ್ನು ಕೊಂಡು ಬೇರೊಂದು ನಿವೇಶನದಲ್ಲಿ ಅದನ್ನು ಕಟ್ಟಿಸಿದರು. ಒಬ್ಬರಿಗಾಗಿ, ಒಂದು ನೆಲಕ್ಕಾಗಿ ಯೋಜಿಸಿದ ಮನೆ ಇನ್ನೊಬ್ಬರಿಗಾಗಿ ಇನ್ನೊಂದು ನೆಲದ ಮೇಲೆ ನಿಂತಿತು. ಇದು ಸಾಧ್ಯವಾದದ್ದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ಅದರ ರಚನೆಯಲ್ಲಿಯೇ ಇದೆ.

ಶೋಧನ್ ನಿವಾಸ ಕಾಂಕ್ರೀಟಿನ ಕಂಬಗಳ ಚೌಕಟ್ಟು. ಭಾರವನ್ನೆಲ್ಲ ಕಂಬಗಳು ಹೊರುವುದರಿಂದ ಪ್ರತಿ ಅಂತಸ್ತಿನಲ್ಲಿ ಕೋಣೆಗಳನ್ನು ಬೇಕಾದಂತೆ ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ದೊರೆತಿದೆ. ಒಟ್ಟು ಆಕಾರ ಒಂದು ಘನಾಕೃತಿ. ಅದರ ನೆತ್ತಿಯ ಮೇಲೆ, ಕೆಳಗಿನ ಕೋಣೆಗಳಿಗೆ ಅಂಟಿಕೊಳ್ಳದೆ, ಕಂಬಗಳ ಮೇಲೆ ಎತ್ತಿ ಹಿಡಿದ ಕಾಂಕ್ರೀಟಿನ ಹಲಗೆಯೊಂದಿದೆ. ಕೊಡೆಯಂತೆ ಇಡೀ ಮನೆಗೆ ನೆರಳು ನೀಡುವುದು ಇದರ ಕೆಲಸ. ಕೊಡೆಯಲ್ಲಿ ಅಂಡಾಕಾರದ ಒಂದು ರಂಧ್ರವಿದ್ದು, ಅದರ ಮೂಲಕ ಕೆಳಗಿನ ತೆರೆದ ತಾರಸಿಯ ಮೇಲೆ ಬೆಳಕು ಬೀಳುತ್ತದೆ. ಮನೆಯ ಒಂದು ಪಾಲು ಕೋಣೆಗಳಿಂದ ತುಂಬಿದ್ದರೆ, ಇನ್ನೊಂದು ಪಾಲು ಹಲವು ಅಂತಸ್ತುಗಳ ಎತ್ತರಕ್ಕೆ ಖಾಲಿಯಾಗಿಯೇ ಉಳಿದು ತೂಗುವ ಅಂಗಳಗಳಾಗಿದೆ. ಗೋಡೆಯ ಮುಂದೆ ಕಾಂಕ್ರೀಟಿನ ಆಳವಾದ ಬಿಸಿಲುತಡೆಗಳು ಜೇನುಗೂಡಿನ ಕಣ್ಣುಗಳಂತೆ ನಿಂತು ಸೂರ್ಯಕಿರಣಗಳು ಗಾಜನ್ನು ಮುಟ್ಟುವ ಮೊದಲೇ ಅವನ್ನು ತಡೆಯುತ್ತವೆ. ನಮ್ಮ ಮನೆಗಳ ಸಜ್ಜಾ ಹಾಗೂ ಜಾಲಂಧ್ರಗಳ ಕೆಲಸವನ್ನು ಇವು ಒಟ್ಟಾಗಿ ನಿರ್ವಹಿಸುತ್ತವೆ ಎನ್ನಬಹುದು.

ಮನೆಯೊಳಗೆ ಮೇಲೇರಲು ಇಳಿಜಾರು ಹಾದಿಯಿದೆ. ಮೆಟ್ಟಿಲು ಅಂತಸ್ತುಗಳನ್ನು ಬೇರ್ಪಡಿಸಿದರೆ ಇಳಿಜಾರು ಹಾದಿ ಅವನ್ನು ಕೂಡಿಸುತ್ತದೆ. ಏರುವವನ ಕಣ್ಣಿಗೆ ಮನೆ ನಿಧಾನವಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಈ ಅಂಗವನ್ನೂ ಕಂಬಗಳ ಚೌಕಟ್ಟನ್ನೂ ಲ ಕಾರ್ಬೂಸಿಯೆ ಇಪ್ಪತ್ತೈದು ವರ್ಷಗಳ ಹಿಂದೆಯೇ ಪ್ಯಾರಿಸ್ ಸಮೀಪದ ಪ್ವಾಸಿಯ ಸವೊಯ್ ನಿವಾಸದಲ್ಲಿ (1928-31) ಬಳಸಿದ್ದ. ಶೋಧನ್ ನಿವಾಸವನ್ನು ಉಷ್ಣವಲಯಕ್ಕೆ ಬಂದ ಸವೊಯ್ ನಿವಾಸವೆಂದು ಸ್ವತಃ ಅವನೇ ಭಾವಿಸಿದ್ದನು. ಆದರೆ ಬಿಳಿಯ ನುಣುಪು ಗೋಡೆಗಳ ಆ ಮನೆಯ ಸಮತಟ್ಟಾದ ತಾರಸಿ ಮಳೆಗೆ ಸೋರಿ, ಮನೆಯೊಡತಿ ಮತ್ತೆ ಮತ್ತೆ ಪತ್ರ ಬರೆದು ದೂರುವಂತಾದುದು ವಾಸ್ತುಶಿಲ್ಪದ ಇತಿಹಾಸದಲ್ಲಿ ದಾಖಲಾಗಿದೆ. ಅಹಮದಾಬಾದಿನಲ್ಲಿ ನುಣುಪು ಬಿಳುಪಿನ ಬದಲು ಹಲಗೆಗಳ ಗುರುತು ಉಳಿದ ಒರಟು ಕಾಂಕ್ರೀಟು ಬಂದಿತು, ಬಯಲಿನ ತಾರಸಿಗೆ ಕೊಡೆಯ ಆಸರೆ ಬಂದಿತು. ಈ ಅರ್ಥದಲ್ಲಿ ಶೋಧನ್ ನಿವಾಸ ಸವೊಯ್ ನಿವಾಸದ ಪುನರಾವರ್ತನೆಯಲ್ಲ, ಅದರ ತಿದ್ದುಪಡಿ.

4. ತೌಲನಿಕ ವಿವೇಚನೆ

ಎರಡೂ ಮನೆಗಳನ್ನು ವಾಯುಗುಣ, ದುಡಿಮೆ ಹಾಗೂ ಕುಟುಂಬ ಎಂಬ ಮೂರು ನೆಲೆಗಳಲ್ಲಿ ಹೋಲಿಸಬಹುದು.

ಮೊದಲನೆಯದು ವಾಯುಗುಣ. ಅಹಮದಾಬಾದಿನ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. 2016ರ ಮೇ 20ರಂದು ಅದು 48 ಡಿಗ್ರಿಯನ್ನು ಮುಟ್ಟಿತು. ಇಂತಹ ಊರಿನಲ್ಲಿ ಮನೆಯ ಮೇಲೆ ಬೀಳುವ ಬಿಸಿಲಿನ ಬಹುಪಾಲನ್ನು ಹೊರುವುದು ಚಾವಣಿ. ಸಾರಾಭಾಯಿ ಮನೆಯ ಉತ್ತರ ದಪ್ಪವಾಗುವುದು. ಇಟ್ಟಿಗೆ, ಅದರ ಮೇಲೆ ಮಣ್ಣು, ಅದರ ಮೇಲೆ ಹಸಿರು. ಹಗಲಿನ ಕಾವು ಈ ಪದರಗಳನ್ನು ದಾಟಿ ಒಳಗಿಳಿಯಲು ಬಹಳ ಹೊತ್ತು ಬೇಕಾಗುತ್ತದೆ. ಅಷ್ಟರಲ್ಲಿ ಸಂಜೆಯಾಗಿರುತ್ತದೆ. ಒದ್ದೆ ಮಣ್ಣಿನಿಂದಲೂ ಎಲೆಗಳಿಂದಲೂ ಆವಿಯಾಗುವ ನೀರು ತನ್ನೊಂದಿಗೆ ಕಾವನ್ನೂ ಒಯ್ಯುತ್ತದೆ. ಶೋಧನ್ ಮನೆಯ ಉತ್ತರ ಇದಕ್ಕೆ ವಿರುದ್ಧವಾದುದು. ಅದು ಚಾವಣಿಯನ್ನು ಎರಡಾಗಿ ಸೀಳಿ ನಡುವೆ ಗಾಳಿಯನ್ನು ಹರಿಯಬಿಡುತ್ತದೆ. ಮೇಲಿನ ಹಲಗೆ ಎಷ್ಟೇ ಕಾದರೂ ಕೆಳಗಿನ ಕೋಣೆಯನ್ನು ಅದು ಮುಟ್ಟುವುದಿಲ್ಲ. ಒಂದು ಮನೆ ಬಿಸಿಲನ್ನು ನೆಲದಂತೆ ಹೀರಿಕೊಳ್ಳುತ್ತದೆ, ಇನ್ನೊಂದು ಮರದಂತೆ ತಡೆದು ನೆರಳು ಕೊಡುತ್ತದೆ. ಎರಡರಲ್ಲಿಯೂ ಮಿತಿಗಳಿವೆ. ಮಣ್ಣಿನ ಚಾವಣಿಗೆ ನೀರೂ ಆರೈಕೆಯೂ ನಿರಂತರವಾಗಿ ಬೇಕು. ಕಾಂಕ್ರೀಟಿನ ಬಿಸಿಲುತಡೆಗಳು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಮರಳಿ ಬಿಡುತ್ತವೆ.

ಎರಡನೆಯದು ದುಡಿಮೆ. ಇಂದು ಈ ಮನೆಗಳ ಒರಟುತನವನ್ನು ಸೌಂದರ್ಯತತ್ತ್ವವೆಂದು ವರ್ಣಿಸಲಾಗುತ್ತದೆ. ಅದರ ಹಿಂದೆ ಒಂದು ಸಾಮಾಜಿಕ ವಾಸ್ತವವಿದೆ. 1950ರ ದಶಕದ ಭಾರತದಲ್ಲಿ ಉಕ್ಕು, ಸಿಮೆಂಟುಗಳು ದುರ್ಲಭವಾಗಿದ್ದವು, ಮನುಷ್ಯರ ದುಡಿಮೆ ಅಗ್ಗವಾಗಿತ್ತು. ಕಾಂಕ್ರೀಟನ್ನು ಬಾಂಡ್ಲಿಗಳಲ್ಲಿ ತುಂಬಿ ಸಾಲುಗಟ್ಟಿ ತಲೆಯ ಮೇಲೆ ಹೊತ್ತು ಸಾಗಿಸಿದವರು, ಬಹುಮಟ್ಟಿಗೆ ಹೆಂಗಸರು. ಒರಟು ಹಲಗೆಯ ಗುರುತು, ಇಟ್ಟಿಗೆಯ ಅಂಕುಡೊಂಕು ಇವು ಆ ಕೈಗಳ ಗುರುತುಗಳೇ. ಕಟ್ಟಡದ ಇತಿಹಾಸದಲ್ಲಿ ಶಿಲ್ಪಿಯ ಹೆಸರೂ ಪೋಷಕರ ಹೆಸರೂ ಉಳಿದಿವೆ, ಹೊತ್ತವರ ಹೆಸರುಗಳು ಉಳಿದಿಲ್ಲ. ನಮ್ಮ ದೇವಾಲಯಗಳ ಗೋಡೆಗಳ ಮೇಲೆ ಕೆಲವೆಡೆಯಾದರೂ ರೂವಾರಿಗಳ ಹೆಸರುಗಳು ಕೊರೆಯಲ್ಪಟ್ಟಿರುವುದನ್ನು ನೆನೆದರೆ, ಸಮತೆಯನ್ನು ಸಾರಿದ ಆಧುನಿಕತೆಯ ಈ ಮೌನ ಗಮನಾರ್ಹವೆನಿಸುತ್ತದೆ.

ಮೂರನೆಯದು ಕುಟುಂಬ. ಅವಿಭಕ್ತ ಕುಟುಂಬದ ಮನೆ ಚೌಕದ ಸುತ್ತ ಹೆಣೆದುಕೊಂಡದ್ದು. ಎಲ್ಲರೂ ಎಲ್ಲರ ಕಣ್ಣಿಗೂ ಬೀಳುವಂತಹ ಜಾಗ ಅದು. ಸೊಸೆಯೊಬ್ಬಳು, ಅದರಲ್ಲಿಯೂ ಪತಿಯನ್ನು ಕಳೆದುಕೊಂಡವಳು, ಆ ವ್ಯವಸ್ಥೆಯೊಳಗೆ ಎಲ್ಲಿ ಕೂರಬೇಕು, ಎಲ್ಲಿ ಕೂರಬಾರದು ಎಂಬುದು ನಿಗದಿಯಾಗಿರುತ್ತಿತ್ತು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಂತಹ ಸ್ಥಿತಿಯಲ್ಲಿದ್ದ ಮಹಿಳೆ ತಾನೇ ಪೋಷಕಳಾಗಿ, ಜಗತ್ಪ್ರಸಿದ್ಧ ಶಿಲ್ಪಿಯೊಂದಿಗೆ ನೇರವಾಗಿ ವ್ಯವಹರಿಸಿ, ತನ್ನ ಮತ್ತು ತನ್ನ ಮಕ್ಕಳ ಬದುಕಿಗೆ ತಕ್ಕ ಮನೆ ಕಟ್ಟಿಸಿಕೊಂಡದ್ದು ಸಾಮಾನ್ಯ ಸಂಗತಿಯಲ್ಲ. ಕುಟುಂಬದ ಸಂಪತ್ತು ಇದನ್ನು ಸಾಧ್ಯವಾಗಿಸಿತು ಎಂಬುದು ನಿಜ. ಆದರೆ ಸಂಪತ್ತಿದ್ದ ಎಲ್ಲ ಮನೆಗಳಲ್ಲಿಯೂ ಇದು ಸಂಭವಿಸಲಿಲ್ಲ ಎಂಬುದೂ ಅಷ್ಟೇ ನಿಜ. ಸಾರಾಭಾಯಿ ಮನೆಗೆ ಒಂದೇ ಕೇಂದ್ರವೆಂಬುದಿಲ್ಲ. ಹಿರಿಯ ಪುರುಷನು ಕೂರುವ ನಡುಹಜಾರದ ಪೀಠ ಅಲ್ಲಿಲ್ಲ. ಅಂಕಣಗಳೆಲ್ಲ ಒಂದೇ ತೆರನಾಗಿದ್ದು, ಪ್ರತಿಯೊಂದೂ ತೋಟದತ್ತ ತನ್ನದೇ ದಾರಿಯನ್ನು ಹೊಂದಿದೆ. ಒಟ್ಟಿಗಿದ್ದೂ ಒಬ್ಬರಿಗೊಬ್ಬರು ಅಡ್ಡಿಯಾಗದೆ ಬದುಕಲು ಇದು ಅನುವು ಮಾಡಿಕೊಡುತ್ತದೆ. ಶೋಧನ್ ಮನೆಯಲ್ಲಿಯಾದರೋ ಎರಡಂತಸ್ತಿನ ಎತ್ತರದ ದಿವಾನಖಾನೆ, ಇಳಿಜಾರು ಹಾದಿ, ಮೇಲಿನ ತಾರಸಿ ಇವು ಅತಿಥಿಗಳನ್ನು ಬರಮಾಡಿಕೊಳ್ಳುವ, ಉತ್ಸವಗಳನ್ನು ನಡೆಸುವ ಬದುಕನ್ನು ಕಣ್ಣಮುಂದಿಟ್ಟುಕೊಂಡಿವೆ.

ಹೀಗಿದ್ದರೂ ಒಂದು ವಿಷಯದಲ್ಲಿ ಎರಡೂ ಹಳೆಯ ಮನೆಗಳನ್ನೇ ಹೋಲುತ್ತವೆ. ಅಡುಗೆ ಮತ್ತು ಆಳುಗಳ ವಾಸ ಎರಡರಲ್ಲಿಯೂ ಮುಖ್ಯ ಕಟ್ಟಡದಿಂದ ಬದಿಗೆ ಸರಿದಿವೆ. ತೆರೆದ ನಕ್ಷೆ ಎಂಬುದು ಮನೆಯವರಿಗೆ ಮಾತ್ರ ತೆರೆದದ್ದು. ಬೇಯಿಸುವವರ ಹೊಗೆ, ದುಡಿಯುವವರ ಓಡಾಟ ಕಾಣದಂತೆ ಮಾಡಿಯೇ ಈ ಮುಕ್ತತೆ ಸಾಧಿತವಾಗಿದೆ.

ಈಗ ಶೋಧನ್ ನಿವಾಸದ ಸ್ಥಳಾಂತರದ ಪ್ರಶ್ನೆಗೆ ಮರಳಬಹುದು. ಕೊಡೆಯನ್ನು ಎಲ್ಲಿ ಬೇಕಾದರೂ ಬಿಚ್ಚಬಹುದು. ತನ್ನ ನೆರಳನ್ನು ತಾನೇ ಹೊತ್ತು ತರುವ ಮನೆಗೆ ನೆಲದ ಹಂಗು ಕಡಿಮೆ. ಆದ್ದರಿಂದಲೇ ಅದು ಒಂದು ನಿವೇಶನದಿಂದ ಇನ್ನೊಂದಕ್ಕೆ ಹೋಗಿ ನಿಲ್ಲಲು ಸಾಧ್ಯವಾಯಿತು. ಸಾರಾಭಾಯಿ ಮನೆಯನ್ನು ಹಾಗೆ ಕೊಂಡೊಯ್ಯಲಾಗದು. ಆ ಮರಗಳ ನೆರಳು, ಆ ಗಾಳಿಯ ದಿಕ್ಕು, ಆ ತೋಟದ ಮರೆ ಇವುಗಳಿಲ್ಲದೆ ಅದು ಅಪೂರ್ಣ. ಒಂದೇ ಕೈಯಿಂದ ಹುಟ್ಟಿದ ಈ ಎರಡು ಮನೆಗಳು ಆಧುನಿಕತೆಯ ಒಳಗೇ ಇದ್ದ ದ್ವಂದ್ವವನ್ನು ತೋರಿಸುತ್ತವೆ. ಎಲ್ಲಿಗೂ ಸಲ್ಲುವ ಮನೆಯನ್ನು ಹುಡುಕುವುದು ಅದರ ಒಂದು ಮುಖ, ಒಂದೆಡೆಗೆ ಮಾತ್ರ ಸಲ್ಲುವ ಮನೆಯನ್ನು ಹೊಸದಾಗಿ ಕಂಡುಕೊಳ್ಳುವುದು ಇನ್ನೊಂದು ಮುಖ.

5. ಮುಂದುವರಿಕೆ: ಅಹಮದಾಬಾದಿನಿಂದ ಬೆಂಗಳೂರಿಗೆ

ಲ ಕಾರ್ಬೂಸಿಯೆಯ ಪ್ಯಾರಿಸ್ ಕಚೇರಿಯಲ್ಲಿ ದುಡಿದು, ಅನಂತರ ಅಹಮದಾಬಾದಿನ ಕಾಮಗಾರಿಗಳ ಮೇಲ್ವಿಚಾರಣೆಗೆ ಬಂದವರು ಬಾಲಕೃಷ್ಣ ದೋಶಿ (1927-2023). ಈ ಎರಡು ಮನೆಗಳು ಅವರಿಗೆ ಪಾಠಶಾಲೆಗಳಂತಿದ್ದವು. 1963ರಲ್ಲಿ ಅವರು ತಮ್ಮ ಕುಟುಂಬಕ್ಕೆಂದು ಕಟ್ಟಿ ಪತ್ನಿಯ ಹೆಸರಿಟ್ಟ ಕಮಲಾ ಹೌಸ್ ಇಟ್ಟಿಗೆ ಮತ್ತು ಕಾಂಕ್ರೀಟಿನ ಮಿತವಾದ ಮನೆ. ಗಿರಣಿ ಒಡೆಯರ ತೋಟವಿಲ್ಲದ, ಸಂಬಳದ ಬದುಕಿಗೂ ಆಧುನಿಕ ವಿನ್ಯಾಸ ಒಗ್ಗಬಲ್ಲುದು ಎಂಬುದನ್ನು ಅದು ತೋರಿಸಿತು. 1980ರ ಹೊತ್ತಿಗೆ ಕಟ್ಟಿದ 'ಸಂಗಾತ್' ಎಂಬ ತಮ್ಮ ಕಚೇರಿಯಲ್ಲಿ ದೋಶಿಯವರು ಕಮಾನು ಚಾವಣಿಗೆ ಮರಳಿದರು. ಆದರೆ ಮಣ್ಣು ಹುಲ್ಲುಗಳ ಬದಲಾಗಿ ಬಿಳಿಯ ಪಿಂಗಾಣಿ ಚೂರುಗಳನ್ನು ಹೊದಿಸಿ ಬಿಸಿಲನ್ನು ಹಿಂದಕ್ಕೆ ಚಿಮ್ಮಿಸಿದರು, ಕಟ್ಟಡವನ್ನು ಭಾಗಶಃ ನೆಲದೊಳಗೆ ಇಳಿಸಿದರು. ಗುರುವಿನ ಸೂತ್ರವನ್ನು ಒಪ್ಪಿಕೊಂಡೇ ಬದಲಿಸಿದ ಶಿಷ್ಯತ್ವ ಇದು. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ದೊರೆಯಿತು.

ಕರ್ನಾಟಕದ ಓದುಗರಿಗೆ ಈ ಪರಂಪರೆ ಪರಿಚಿತವೇ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಭಾರತೀಯ ನಿರ್ವಹಣಾ ಸಂಸ್ಥೆಯ ಆವರಣ ದೋಶಿಯವರ ವಿನ್ಯಾಸ. ಅಲ್ಲಿ ಇಟ್ಟಿಗೆಯ ಸ್ಥಾನವನ್ನು ಸ್ಥಳೀಯ ಬೂದು ಕಲ್ಲು ಪಡೆದಿದೆ. ಅಹಮದಾಬಾದಿನ ಉರಿಬಿಸಿಲಿಗೆ ತಕ್ಕ ಮುಚ್ಚಿದ ಗೋಡೆಯ ಬದಲು ಬೆಂಗಳೂರಿನ ಹಿತವಾದ ಹವೆಗೆ ತಕ್ಕಂತೆ ಅರೆ ತೆರೆದ ಉದ್ದನೆಯ ಮೊಗಸಾಲೆಗಳೂ ಬಳ್ಳಿ ಹಬ್ಬಿದ ಚಪ್ಪರಗಳೂ ಬಂದಿವೆ. ಸೂತ್ರವೊಂದು ಊರಿನಿಂದ ಊರಿಗೆ ಬರುವಾಗ ರೂಪವನ್ನು ಅಲ್ಲಿಯೇ ಬಿಟ್ಟು ಕೇವಲ ವಿವೇಕವನ್ನು ತಂದರೆ ಏನಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಇನ್ನೊಂದು ಕವಲನ್ನೂ ಗಮನಿಸಬೇಕು. ಚಾರ್ಲ್ಸ್ ಕೊರಿಯ ಅವರು 1960ರ ದಶಕದ ಆರಂಭದಲ್ಲಿ ಗುಜರಾತ್ ಗೃಹಮಂಡಳಿಯ ಸ್ಪರ್ಧೆಗಾಗಿ ಕಡಿಮೆ ವೆಚ್ಚದ 'ಟ್ಯೂಬ್ ಹೌಸ್' ಒಂದನ್ನು ರೂಪಿಸಿದರು. ಕಿರಿದಾದ, ಉದ್ದನೆಯ ಆ ಮನೆಯಲ್ಲಿ ಬಿಸಿಗಾಳಿ ಇಳಿಜಾರು ಚಾವಣಿಯ ಒಳಮೈಯನ್ನು ಅನುಸರಿಸಿ ಮೇಲೇರಿ ನೆತ್ತಿಯ ಕಿಂಡಿಯಿಂದ ಹೊರಹೋಗುತ್ತಿತ್ತು, ಕೆಳಗಿನಿಂದ ತಂಪುಗಾಳಿ ಒಳಬರುತ್ತಿತ್ತು. ಯಂತ್ರವಿಲ್ಲದೆ, ತೋಟವಿಲ್ಲದೆ, ಸಾಮಾನ್ಯನ ನಿವೇಶನದಲ್ಲಿ ತಂಪನ್ನು ದೊರಕಿಸಿದ ಪ್ರಯೋಗ ಅದು. ಅದನ್ನು ಅನಂತರ ಕೆಡವಲಾಯಿತು. ಶ್ರೀಮಂತರ ಎರಡು ಮನೆಗಳು ಉಳಿದವು, ಬಡವರಿಗಾಗಿ ಚಿಂತಿಸಿದ ಮನೆ ಉಳಿಯಲಿಲ್ಲ.

6. ಉಳಿವಿನ ಪ್ರಶ್ನೆ

2016ರಲ್ಲಿ ಯುನೆಸ್ಕೊ ಏಳು ದೇಶಗಳಲ್ಲಿ ಹರಡಿರುವ ಲ ಕಾರ್ಬೂಸಿಯೆಯ 17 ನಿರ್ಮಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದಿಂದ ಅದರಲ್ಲಿ ಸೇರಿದ್ದು ಚಂಡೀಗಢದ ಕ್ಯಾಪಿಟಲ್ ಸಂಕೀರ್ಣ ಮಾತ್ರ. 2017ರಲ್ಲಿ ಅಹಮದಾಬಾದಿನ ಕೋಟೆಯೊಳಗಣ ಹಳೆಯ ನಗರಕ್ಕೆ ಅದೇ ಮನ್ನಣೆ ದೊರೆಯಿತು. ಪ್ರಭುತ್ವದ ಕಟ್ಟಡಕ್ಕೂ ಪ್ರಾಚೀನ ಕೇರಿಗಳಿಗೂ ದೊರೆತ ರಕ್ಷೆಯ ನಡುವೆ ಈ ಎರಡು ಕುಟುಂಬದ ಮನೆಗಳು ಹೊರಗುಳಿದವು. ಅದೇ 2017ರ ಏಪ್ರಿಲ್‌ನಲ್ಲಿ ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಾಲ್ ವಿನ್ಯಾಸದ, 1972ರ ಹಾಲ್ ಆಫ್ ನೇಶನ್ಸ್ ಕಟ್ಟಡವನ್ನು ನೆಲಸಮ ಮಾಡಲಾಯಿತು. ನೂರು ವರ್ಷ ತುಂಬದ ಕಟ್ಟಡವನ್ನು ಪರಂಪರೆಯೆಂದು ಕಾಣುವ ಕಣ್ಣು ನಮ್ಮಲ್ಲಿ ಇನ್ನೂ ಬೆಳೆಯಬೇಕಾಗಿದೆ. ಹಳೆಯದೆನ್ನಲು ಹೊಸದು, ಹೊಸದೆನ್ನಲು ಹಳೆಯದು ಎಂಬ ಸಂಧಿಯಲ್ಲಿ ಆಧುನಿಕ ಕಟ್ಟಡಗಳು ನಾಶವಾಗುತ್ತವೆ. ಬೆಂಗಳೂರು, ಮೈಸೂರುಗಳ 1950-60ರ ದಶಕದ ಮನೆಗಳ ಮಟ್ಟಿಗೂ ಈ ಮಾತು ಅನ್ವಯಿಸುತ್ತದೆ. ಅರಮನೆಗೂ ಹೆಂಚಿನ ಮನೆಗೂ ಸಲ್ಲುವ ಅಭಿಮಾನ ಅವುಗಳಿಗೆ ಸಲ್ಲುತ್ತಿಲ್ಲ.

ಆದರೆ ಉಳಿವು ಎಂದರೆ ಕಟ್ಟಡದ ಉಳಿವು ಮಾತ್ರವೆಂದು ತಿಳಿಯಬೇಕಾಗಿಲ್ಲ. 2010ರ ಮೇ ತಿಂಗಳ ಬಿಸಿಗಾಳಿಯ ಅವಧಿಯಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಸಂಭವಿಸಿದವೆಂದು ಅಧ್ಯಯನದಿಂದ ತಿಳಿದುಬಂದಿತು. ಇದರ ಪರಿಣಾಮವಾಗಿ 2013ರಲ್ಲಿ ನಗರವು ದಕ್ಷಿಣ ಏಷ್ಯಾದಲ್ಲಿಯೇ ಮೊದಲನೆಯದಾದ ಉಷ್ಣ ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ಬಡವರ ಮನೆಗಳ ತಗಡು ಹಾಗೂ ಕಾಂಕ್ರೀಟ್ ಚಾವಣಿಗಳಿಗೆ ಬಿಳಿಬಣ್ಣ ಬಳಿದು ತಂಪುಗೊಳಿಸುವ ಕಾರ್ಯ ಮುಂದೆ ಇದರ ಭಾಗವಾಯಿತು. ಚಾವಣಿಯನ್ನು ಹೇಗೆ ಕಟ್ಟಬೇಕು ಎಂಬುದು ಹೀಗೆ ಅಭಿರುಚಿಯ ಪ್ರಶ್ನೆಯಾಗಿ ಉಳಿಯದೆ ಜೀವನ್ಮರಣದ ಪ್ರಶ್ನೆಯಾಗಿದೆ. 1955ರಲ್ಲಿ ಒಂದು ಶ್ರೀಮಂತ ಮನೆಯ ಕಮಾನುಗಳ ಮೇಲೆ ಹರಡಿದ ಮಣ್ಣು, 1956ರಲ್ಲಿ ಇನ್ನೊಂದು ಮನೆಯ ಮೇಲೆ ಎತ್ತಿ ಹಿಡಿದ ಕೊಡೆ, ಸಂಗಾತ್‌ನ ಪಿಂಗಾಣಿ ಚೂರು, ಟ್ಯೂಬ್ ಹೌಸಿನ ನೆತ್ತಿಯ ಕಿಂಡಿ ಇವೆಲ್ಲವೂ ಅದೇ ಪ್ರಶ್ನೆಗೆ ದೊರೆತ ಉತ್ತರಗಳು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಆಧುನಿಕ ಮನೆ ಸಂಸ್ಕೃತಿಯ ಹೊರಗಿನದಲ್ಲ. ತೊಟ್ಟಿಮನೆಯಂತೆಯೇ ಅದೂ ತನ್ನ ಕಾಲದ ಕುಟುಂಬ, ಲಿಂಗ, ವರ್ಗ ಸಂಬಂಧಗಳನ್ನು ತನ್ನ ನಕ್ಷೆಯಲ್ಲಿ ಬರೆದಿಟ್ಟುಕೊಂಡಿದೆ. ಎರಡನೆಯದಾಗಿ, ದೇಶೀಯ ಮತ್ತು ಪರಕೀಯ ಎಂಬ ವಿಭಜನೆ ಈ ಮನೆಗಳನ್ನು ಅರಿಯಲು ಸಾಲದು. ಕ್ಯಾಟಲೋನಿಯಾದ ಕಮಾನು, ಗುಜರಾತಿನ ಇಟ್ಟಿಗೆ, ಮದ್ರಾಸ್ ಕಲ್ಲು, ಫ್ರಾನ್ಸಿನ ನಕ್ಷೆ, ಭಾರತದ ಕೂಲಿಕಾರರ ಕೈ ಇವೆಲ್ಲ ಕೂಡಿದಲ್ಲಿ ಯಾವುದು ಒಳಗಿನದು, ಯಾವುದು ಹೊರಗಿನದು ಎಂಬ ಪ್ರಶ್ನೆಗಿಂತ, ಕೂಡಿಕೆ ಆ ನೆಲಕ್ಕೆ ಒಗ್ಗಿತೇ ಇಲ್ಲವೇ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಮೂರನೆಯದಾಗಿ, ಈ ಮನೆಗಳ ವಿವೇಕ ಸಂಪತ್ತಿನ ಆಶ್ರಯದಲ್ಲಿ ಹುಟ್ಟಿತಾದರೂ ಅದು ಸಂಪತ್ತಿನ ಸೊತ್ತಾಗಿಯೇ ಉಳಿಯಬೇಕಾಗಿಲ್ಲ. ಮಣ್ಣು, ನೆರಳು, ಬೀಸುಗಾಳಿಗಳಿಗೆ ಬೆಲೆಯಿಲ್ಲ. ಅವನ್ನು ಬಳಸಿಕೊಳ್ಳುವ ತಿಳಿವಳಿಕೆಗೆ ಮಾತ್ರ ಬೆಲೆಯಿದೆ. ಗಿರಣಿ ಒಡೆಯರ ತೋಟದಲ್ಲಿ ಹುಟ್ಟಿದ ಆ ತಿಳಿವಳಿಕೆ ತಗಡಿನ ಸೂರಿನ ಅಡಿಯಲ್ಲಿ ಬೇಯುತ್ತಿರುವವರ ಮನೆಯವರೆಗೆ ತಲುಪಿದಾಗಲೇ ಆ ಎರಡು ಮನೆಗಳ ಅಧ್ಯಯನ ಸಾರ್ಥಕವಾಗುತ್ತದೆ.